ಸಾಹುಕಾರನ ಅಂಗಳದಲ್ಲಿ ಕ್ಯಾಮೆರಾ: ಚಿಚಿಬು ದಂಗೆಯ ಚಿತ್ರವೊಂದರ ಪ್ರಕರಣ ಅಧ್ಯಯನ

ಜಪಾನಿನ ಸೈತಾಮಾ ಪ್ರಾಂತ್ಯದ ಪಶ್ಚಿಮ ತುದಿಯಲ್ಲಿರುವ ಚಿಚಿಬು ಎಂಬ ಗುಡ್ಡಗಾಡು ಸೀಮೆಯಲ್ಲಿ ಕೆಲವು ವರ್ಷಗಳ ಹಿಂದೆ ಸಣ್ಣ ಬಂಡವಾಳದ ಕಥಾಚಿತ್ರವೊಂದು ತಯಾರಾಯಿತು. 1884ರ ರೈತ ದಂಗೆ ಅದರ ವಸ್ತು. ನಾನು ಅದರ ನಿರ್ಮಾಣ ವಿಭಾಗದಲ್ಲಿ ಸಹಾಯಕನಾಗಿದ್ದೆ. ಚಿತ್ರದ ಹೆಸರನ್ನು, ನಿರ್ದೇಶಕಿಯ ಹೆಸರನ್ನು, ಹಳ್ಳಿಯ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಾರದೆಂದು ಮನೆತನಗಳ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇತಿಹಾಸದ ಭಾಗ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇದೆ. ನಮ್ಮಲ್ಲೂ ಹಳ್ಳಿಯ ಹಳೆಯ ಜಗಳಗಳನ್ನು ತೆರೆಗೆ ತರಲು ಹೊರಡುವವರು ಹೆಚ್ಚುತ್ತಿದ್ದಾರೆ. ಅಂಥವರಿಗೆ ಇದರಲ್ಲಿ ಕೆಲಸಕ್ಕೆ ಬರುವುದು ಏನಾದರೂ ಸಿಗಬಹುದು.

ಹಿನ್ನೆಲೆ

ಚಿಚಿಬುವಿನಲ್ಲಿ ಗದ್ದೆ ಕಡಿಮೆ. ಇಳಿಜಾರಿನಲ್ಲಿ ಹಿಪ್ಪುನೇರಳೆ ಬೆಳೆದು, ಮನೆಯೊಳಗೇ ಹುಳು ಸಾಕಿ, ಹೆಂಗಸರು ನೂಲು ಬಿಚ್ಚಿ, ಅದನ್ನು ಸಂತೆಯಲ್ಲಿ ಮಾರಿ ಬಂದ ಕಾಸಿನಿಂದ ದವಸ ಕೊಳ್ಳುವುದು ಅಲ್ಲಿಯವರ ಬದುಕಾಗಿತ್ತು. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದ ಮೇಲೆ ಜಪಾನಿನ ರೇಷ್ಮೆ ನೂಲು ಹಡಗು ಹತ್ತಿ ಫ್ರಾನ್ಸಿನ ಲಿಯೋನ್ ನಗರದ ತನಕ ಹೋಗತೊಡಗಿತು. ಬೆಲೆ ಏರಿತು. ಏರಿದ ಬೆಲೆಯನ್ನು ನಂಬಿ ಜನ ಸಾಲ ಮಾಡಿದರು. 1881ರಲ್ಲಿ ಹಣಕಾಸು ಸಚಿವನಾದ ಮತ್ಸುಕಾತಾ ಮಸಾಯೋಶಿ ಹಣದುಬ್ಬರ ಇಳಿಸಲು ಕಾಗದದ ನೋಟುಗಳನ್ನು ಚಲಾವಣೆಯಿಂದ ಹಿಂದಕ್ಕೆ ಎಳೆದುಕೊಳ್ಳತೊಡಗಿದ. ನೂಲಿನ ಬೆಲೆ ಬಿದ್ದುಹೋಯಿತು. ತೆರಿಗೆ ಮತ್ತು ಸಾಲ ಮಾತ್ರ ಜಗ್ಗಲಿಲ್ಲ.

1877ರ ಕಾನೂನು 100 ಯೆನ್‌ಗಿಂತ ಕಡಿಮೆ ಸಾಲಕ್ಕೆ ವರ್ಷಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದೆಂದಿತ್ತು. ಲೇವಾದೇವಿಗಾರರು ಅದರ ಸಂದಿನಲ್ಲೇ ದಾರಿ ಮಾಡಿಕೊಂಡಿದ್ದರು. ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೈಗೆ ಕೊಡುವುದು, ಪತ್ರದಲ್ಲಿ ಪೂರ್ತಿ ಮೊತ್ತ ಬರೆಸುವುದು, ಕೆಲವೇ ತಿಂಗಳ ಗಡುವು ಇಡುವುದು, ಗಡುವು ಮೀರಿದೊಡನೆ ಅಸಲು ಬಡ್ಡಿ ಕೂಡಿಸಿ ಹೊಸ ಪತ್ರ ಬರೆಸುವುದು. ಕರ್ನಾಟಕದ ಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈತರು ಮೊದಲು ಅರ್ಜಿ ಹಿಡಿದು ಪೊಲೀಸ್ ಠಾಣೆಗೆ ಹೋದರು, ಸಾಹುಕಾರರ ಬಳಿಗೂ ಹೋದರು. ಸಾಲಕ್ಕೆ 10 ವರ್ಷ ಬಿಡುವು ಕೊಡಿ, ಆಮೇಲೆ 40 ವರ್ಷದ ಕಂತಿನಲ್ಲಿ ತೀರಿಸುತ್ತೇವೆ, ಖರ್ಚು ಉಳಿಸಲು ಶಾಲೆಗಳನ್ನು 3 ವರ್ಷ ಮುಚ್ಚಿ, ತೆರಿಗೆ ಇಳಿಸಿ ಎಂಬುದು ಅವರ ಬೇಡಿಕೆ. ಯಾರೂ ಕಿವಿಗೊಡಲಿಲ್ಲ. 1884ರ ನವೆಂಬರ್ 1ರ ಸಂಜೆ ಶಿಮೊ ಯೋಶಿದಾದ ಮುಕು ದೇಗುಲದಲ್ಲಿ ಸುಮಾರು 3,000 ಜನ ಸೇರಿದರು. ತಾಶಿರೋ ಏಸುಕೆ ಅವರ ಮುಖಂಡ. ಹೊರಡುವ ಮುನ್ನ ಐದು ಕಟ್ಟಳೆಗಳನ್ನು ಓದಿ ಹೇಳಲಾಯಿತು. ಸುಲಿಗೆ ಮಾಡಿದವನ, ಹೆಂಗಸರ ಮೇಲೆ ಕೈ ಮಾಡಿದವನ, ಕುಡಿದವನ, ಖಾಸಗಿ ದ್ವೇಷಕ್ಕೆ ಬೆಂಕಿ ಹಚ್ಚಿದವನ, ನಾಯಕರ ಮಾತು ಮೀರಿದವನ ತಲೆ ಹೋಗುತ್ತದೆ ಎಂಬುದು ಅವುಗಳ ತಾತ್ಪರ್ಯ. ಮರುದಿನ ಜಿಲ್ಲಾ ಕಚೇರಿಯಿದ್ದ ಓಮಿಯಾ ಪೇಟೆಯನ್ನು ಹಿಡಿದರು. ಸೈನ್ಯ ಬಂತು, ನವೆಂಬರ್ 4ರ ಹೊತ್ತಿಗೆ ನಾಯಕತ್ವ ಚೆದುರಿತು. ಉಳಿದವರು ಗುಡ್ಡ ದಾಟಿ ನಾಗಾನೋ ಕಡೆಗೆ ಹೋಗಿ 9ರಂದು ಸೋತರು. ತಾಶಿರೋ ಮತ್ತಿತರ ಮುಖಂಡರನ್ನು 1885ರಲ್ಲಿ ಗಲ್ಲಿಗೇರಿಸಲಾಯಿತು. ಶಿಕ್ಷೆಗೊಳಗಾದವರು ಒಟ್ಟು ಸುಮಾರು 4,000. ಅವರಲ್ಲಿ ಹೆಚ್ಚಿನವರಿಗೆ ಬಿದ್ದದ್ದು ದಂಡ.

ಆಮೇಲಿನ ಕಥೆ ಮೌನದ್ದು. ಭಾಗವಹಿಸಿದವರಿಗೆ ಗಲಭೆಕೋರರೆಂಬ ಹಣೆಪಟ್ಟಿ ಅಂಟಿತು, ಮನೆಗಳು ಬಾಯಿ ಮುಚ್ಚಿಕೊಂಡವು. ಖಜಾನೆ ನೋಡಿಕೊಂಡಿದ್ದ ಇನೋಉಎ ದೆನ್‌ಜೋ ಗಲ್ಲು ಶಿಕ್ಷೆ ತಪ್ಪಿಸಿಕೊಂಡು ಉತ್ತರದ ಹೊಕ್ಕಾಯಿದೋ ದ್ವೀಪದಲ್ಲಿ ಬೇರೆ ಹೆಸರಿನಲ್ಲಿ ಬದುಕಿದ, ಸಂಸಾರ ಹೂಡಿದ, ತಾನು ಯಾರೆಂದು ಹೆಂಡತಿ ಮಕ್ಕಳಿಗೆ ಹೇಳಿದ್ದು 1918ರಲ್ಲಿ, ಸಾಯುವ ಮುನ್ನ. ದಂಗೆಗೆ ಜನರ ಹಕ್ಕಿನ ಹೋರಾಟವೆಂಬ ಗೌರವ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ 1984ರ ಶತಮಾನೋತ್ಸವದ ಆಸುಪಾಸಿನಲ್ಲಿ. 2004ರಲ್ಲಿ ಇದೇ ದಂಗೆಯ ಮೇಲೆ, ಸಾವಿರಾರು ಸ್ವಯಂಸೇವಕರು ಪಾಲ್ಗೊಂಡ ದೊಡ್ಡ ಚಿತ್ರವೂ ಬಂದಿತ್ತು.

ನಮ್ಮ ನಿರ್ದೇಶಕಿಗೆ ದೊಡ್ಡ ಚಿತ್ರ ಬೇಕಿರಲಿಲ್ಲ. ದಂಗೆಗೆ ಹೋದ ಗಂಡನನ್ನು ಕಾಯುವ ಒಬ್ಬಳು ನೂಲು ಬಿಚ್ಚುವ ಹೆಂಗಸು, ಒಂದು ಕಣಿವೆ, ಒಬ್ಬ ಸಾಹುಕಾರ. ಇಷ್ಟೇ ಕಥೆ. ಸರ್ಕಾರಿ ನೆರವು ದೊರೆತಿತ್ತು, ಆದರೆ ಅಲ್ಲಿ ಹಣಕಾಸು ವರ್ಷ ಮಾರ್ಚಿಗೆ ಮುಗಿಯುತ್ತದೆ. ಅಷ್ಟರೊಳಗೆ ಚಿತ್ರ ಸಿದ್ಧವಾಗದಿದ್ದರೆ ಹಣ ಬರುವುದಿಲ್ಲ. ಈ ಗಡುವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ಅರ್ಧದಷ್ಟು ತೀರ್ಮಾನಗಳನ್ನು ಕಲೆಯಲ್ಲ, ಈ ಮಾರ್ಚ್ ತಿಂಗಳು ತೆಗೆದುಕೊಂಡಿತು.

ಹುಳುವಿನ ದೃಶ್ಯಗಳನ್ನು ಬೇಸಿಗೆಯ ಆರಂಭದಲ್ಲೇ ಮುಗಿಸಿದ್ದೆವು. ಅದೂ ಸುಲಭವಿರಲಿಲ್ಲ. 1929ರ ಹೊತ್ತಿಗೆ ಸುಮಾರು 22 ಲಕ್ಷ ಕುಟುಂಬಗಳು ರೇಷ್ಮೆ ಸಾಕುತ್ತಿದ್ದ ಜಪಾನಿನಲ್ಲಿ ಇಂದು ಅಂಥವರು ಇನ್ನೂರಕ್ಕೂ ಕಡಿಮೆ. ಈಗಿನ ಮಿಶ್ರತಳಿಯ ಗೂಡು ದಪ್ಪ, ಉರುಟು. ದಂಗೆ ನಡೆದ ಮೇಜಿ ಕಾಲದ (1868–1912) ಗೂಡು ಚಿಕ್ಕದು, ನಡು ಸಣ್ಣದು. ತಿಳಿದವರು ನಗಬಾರದೆಂದು ಹಳೆಯ ತಳಿಯ ಹುಳು ಹುಡುಕಿ ತಂದದ್ದಾಯಿತು. ಕನಕಪುರದ ಕಡೆಯ ರೇಷ್ಮೆ ಮನೆಯಲ್ಲಿ ಬೆಳೆದವನೆಂಬ ಒಂದೇ ಅರ್ಹತೆಯ ಮೇಲೆ ಆ ದಿನಗಳಲ್ಲಿ ನನಗೆ ಸ್ವಲ್ಪ ಮರ್ಯಾದೆ ಸಿಕ್ಕಿತು. ಕರ್ನಾಟಕಕ್ಕೆ ದ್ವಿತಳಿ ರೇಷ್ಮೆ ಕಲಿಸಲು ಜಪಾನಿನ ತಜ್ಞರು ಬಂದದ್ದು 1990ರ ದಶಕದಲ್ಲಿ. ಚಿಚಿಬುವಿನಲ್ಲಿ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳುವಿಗೆ ಎಷ್ಟು ಸೊಪ್ಪು ಬೇಕೆಂದು ಟೋಕಿಯೋದ ನಟಿಗೆ ನಾನು ಹೇಳಿಕೊಡುತ್ತಿದ್ದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ರಾತ್ರಿ ನಿರ್ದೇಶಕಿಯ ವೇಳಾಪಟ್ಟಿಯನ್ನು ಅದು ಕೇಳಲಿಲ್ಲ, ಎಲ್ಲರೂ ಬೆಳಗಿನವರೆಗೆ ಎಚ್ಚರವಿದ್ದು ಚಿತ್ರೀಕರಿಸಿದರು. ಇದು ಇಷ್ಟು ಸಾಕು. ನಿಜವಾದ ತೊಡಕು ಮನೆಯದು.

ಮನೆ ಕೊಟ್ಟವರು, ಕೊಟ್ಟ ಮನೆಯನ್ನು ಹಿಂದೆ ಪಡೆದವರು

ಕಣಿವೆಯಲ್ಲಿ ಹಳೆಯ ರೂಪದಲ್ಲೇ ಉಳಿದಿದ್ದ ದೊಡ್ಡ ಮನೆ ಒಂದೇ. ಹುಳು ಸಾಕಲೆಂದು ಎತ್ತರಿಸಿದ ಮಾಳಿಗೆ, ಪಕ್ಕದಲ್ಲಿ ದಪ್ಪ ಮಣ್ಣುಗೋಡೆಗೆ ಬಿಳಿ ಗಾರೆ ಬಳಿದ ಉಗ್ರಾಣ, ಮುಂದೆ ವಿಶಾಲ ಅಂಗಳ. ಚಿತ್ರಕಥೆಯಲ್ಲಿ ಸಾಹುಕಾರನ ಮನೆಗೆ ದಂಗೆಯವರು ಬೆಂಕಿ ಇಡುತ್ತಾರೆ. ಬೆಂಕಿಯನ್ನು ಕಂಪ್ಯೂಟರಿನಲ್ಲಿ ಸೇರಿಸುವುದೆಂದು ಮೊದಲೇ ನಿಶ್ಚಯವಾಗಿತ್ತು, ಆದ್ದರಿಂದ ಮನೆಗೆ ಧಕ್ಕೆಯಿಲ್ಲ. ಯಜಮಾನರು ಎಂಬತ್ತು ದಾಟಿದವರು, ಒಂಟಿ. ಸ್ಥಳ ಹುಡುಕುವ ತಂಡದವರು ಅವರಿಗೆ ಒಂದು ಪುಟದ ಸಾರಾಂಶ ಕೊಟ್ಟಿದ್ದರು. ಅದರಲ್ಲಿದ್ದದ್ದು ‘ಮೇಜಿ ಕಾಲದ ರೇಷ್ಮೆ ಕುಟುಂಬವೊಂದರ ಕಥೆ’ ಎಂಬಷ್ಟೇ. ಸುಳ್ಳಲ್ಲ. ದಂಗೆಯ ಸುದ್ದಿ ಎತ್ತಿದರೆ ಹಳ್ಳಿಯವರು ಹಿಂಜರಿಯುತ್ತಾರೆಂದು ಬೇಕೆಂದೇ ಅಷ್ಟಕ್ಕೆ ನಿಲ್ಲಿಸಿದ್ದರು.

ಜಪಾನಿನ ಹಳ್ಳಿಗಳಲ್ಲಿ ಸುತ್ತೋಲೆಯ ಹಲಗೆಯೊಂದು ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ. ಅಕ್ಟೋಬರಿನಲ್ಲಿ ನಮ್ಮ ತಂಡ ಅದರಲ್ಲಿ ಒಂದು ಹಾಳೆ ಸೇರಿಸಿತು: ಸಾಹುಕಾರನ ಮನೆಗೆ ಮುತ್ತಿಗೆ ಹಾಕುವ ದೃಶ್ಯಕ್ಕೆ ಸಹ ಕಲಾವಿದರು ಬೇಕು, ಸ್ಥಳ ಇಂಥ ಮನೆ. ಹಲಗೆ ಯಜಮಾನರ ಮನೆಗೂ ಹೋಯಿತು. ಅವರ ಮುತ್ತಜ್ಜ ಆ ಕಣಿವೆಯ ಲೇವಾದೇವಿಗಾರನಾಗಿದ್ದ, ಆ ರಾತ್ರಿ ಜನ ಬಂದದ್ದು ಇದೇ ಅಂಗಳಕ್ಕೆ ಎಂಬುದು ತಂಡದ ಯಾರಿಗೂ ಗೊತ್ತಿರಲಿಲ್ಲ. ಎರಡು ದಿನ ಕಳೆದು ಅಚ್ಚುಕಟ್ಟಾದ ಕೈಬರಹದ ಪತ್ರ ಬಂತು. ವಯಸ್ಸಿನ ಕಾರಣದಿಂದ ಮನೆ ಕೊಡಲಾಗುತ್ತಿಲ್ಲ, ಕ್ಷಮಿಸಬೇಕು ಎಂದಷ್ಟೇ ಇತ್ತು.

ನಿರ್ಮಾಪಕರಿಗೆ ಮೊದಲು ಹೊಳೆದ ಉಪಾಯ ಬಾಡಿಗೆ ಹೆಚ್ಚಿಸುವುದು. ಸಾಲದ ಕಥೆಯ ಚಿತ್ರಕ್ಕಾಗಿ ಸಾಹುಕಾರನ ಮರಿಮಗನ ಮುಂದೆ ಹಣದ ಲಕೋಟೆ ಹಿಡಿದರೆ ಏನಾಗಬೇಕೋ ಅದೇ ಆಯಿತು. ಆಮೇಲೆ ಬಾಗಿಲೇ ತೆರೆಯಲಿಲ್ಲ. ಸಹಿಯಾದ ಕರಾರು ಇದೆಯಲ್ಲ ಎಂದು ಕೆಲವರು ವಕೀಲರ ಮಾತೆತ್ತಿದರು. ನಿರ್ದೇಶಕಿ ಆ ಮಾತನ್ನು ಅಲ್ಲೇ ಮುರಿದರು. ದೂರದ ಬಯಲು ವಸ್ತುಸಂಗ್ರಹಾಲಯದ ಮನೆಗಳನ್ನು ನೋಡಿ ಬಂದರು. ಮನೆಗಳು ಚೆನ್ನಾಗಿದ್ದವು, ಆದರೆ ಕಿಟಕಿಯಾಚೆ ಕಣಿವೆಯಿರಲಿಲ್ಲ, ವಾಹನ ನಿಲುಗಡೆಯಿತ್ತು.

ಯಾರೂ ಎಣಿಸದಿದ್ದದ್ದು ಇದರ ನಡುವೆ ನಡೆಯಿತು. ದಂಗೆಕೋರರ ವಂಶದವರೆಂದು ನಾವು ಗುರುತಿಸಿದ್ದ ಮನೆಗಳವರು, ಶತಮಾನೋತ್ಸವದಲ್ಲಿ ಸನ್ಮಾನ ಪಡೆದ ಮನೆಯವರೂ ಸೇರಿ, ಒಬ್ಬೊಬ್ಬರಾಗಿ ಸಹ ಕಲಾವಿದರ ಪಟ್ಟಿಯಿಂದ ಹೆಸರು ತೆಗೆಸಿದರು. ಅವರೆಲ್ಲ ನಮ್ಮ ಪಕ್ಷವೆಂದುಕೊಂಡಿದ್ದೆವು. ಐದು ತಲೆಮಾರುಗಳಲ್ಲಿ ಆ ಎರಡು ಕಡೆಯವರ ನಡುವೆ ಹೆಣ್ಣು ಕೊಟ್ಟು ತಂದಾಗಿತ್ತು; ಒಂದೇ ನೀರಿನ ಕಾಲುವೆ, ಸಾವಾದರೆ ಒಬ್ಬರ ಮನೆಗೆ ಇನ್ನೊಬ್ಬರು ಅಡುಗೆಗೆ ನಿಲ್ಲುವ ವಾಡಿಕೆ. ಇತಿಹಾಸದ ಪುಸ್ತಕದಲ್ಲಿ ಎರಡು ಪಕ್ಷವಿತ್ತು, ಹಳ್ಳಿಯಲ್ಲಿ ಒಂದೇ ಇತ್ತು.

ಓದಿಸಿದ ಸಂಜೆ

ನಿರ್ದೇಶಕಿ ಚಿತ್ರೀಕರಣ ನಿಲ್ಲಿಸಿದರು. ನವೆಂಬರಿನ ಬೆಳಕು ದಿನೇದಿನೇ ಕಡಿಮೆಯಾಗುತ್ತಿತ್ತು, ನಟರ ದಿನಗಳು ಮುಗಿಯುತ್ತಿದ್ದವು. ನಿರ್ಮಾಪಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ನಿರ್ದೇಶಕಿ ಮಾಡಿದ್ದು ಸರಳ: ಸಮುದಾಯ ಭವನದಲ್ಲಿ ಇಡೀ ಚಿತ್ರಕಥೆಯನ್ನು ಗಟ್ಟಿಯಾಗಿ ಓದಿಸುತ್ತೇವೆ, ಕೇಳಿ ಏನು ಬೇಕಾದರೂ ಹೇಳಿ, ಬೇಡವೆಂದರೆ ಹೊರಟುಹೋಗುತ್ತೇವೆ ಎಂದು ಹಲಗೆಯಲ್ಲಿ ಹೊಸ ಹಾಳೆ ಕಳಿಸಿದರು. ನನ್ನ ಮಟ್ಟಿಗೆ ಈ ಪ್ರಕರಣದ ತಿರುವು ಇದೇ. ಬುದ್ಧಿವಂತಿಕೆಗಿಂತ ಅನಿವಾರ್ಯದಿಂದ ಬಂದದ್ದು ಎಂಬುದನ್ನೂ ಹೇಳಬೇಕು.

ಯಜಮಾನರು ಬಂದರು, ಹಿಂದಿನ ಸಾಲಿನಲ್ಲಿ ಕುಳಿತರು. ಮುತ್ತಿಗೆಯ ದೃಶ್ಯದ ಓದು ಮುಗಿದ ಮೇಲೆ ಮಾತನಾಡಿದರು. ಸಾಹುಕಾರ ಕೆಟ್ಟವನೆಂದು ತೋರಿಸುವುದಕ್ಕೆ ತಮ್ಮ ತಕರಾರಿಲ್ಲ ಎಂದರು. ಮುತ್ತಜ್ಜನನ್ನು ಮನೆಯಲ್ಲೂ ಯಾರೂ ಹೊಗಳುತ್ತಿರಲಿಲ್ಲವಂತೆ. ಅವರಿಗೆ ಒಪ್ಪದ್ದು ಬೇರೆ. “ನಿಮ್ಮ ಕಥೆಯಲ್ಲಿ ಬರುವವರು ಕತ್ತಲಲ್ಲಿ ಬರುತ್ತಾರೆ, ಪಂಜು ಹಿಡಿದಿರುತ್ತಾರೆ, ಒಬ್ಬರಿಗೂ ಮುಖವಿಲ್ಲ. ನಮ್ಮ ಅಂಗಳಕ್ಕೆ ಬಂದವರು ಪರಿಚಯದವರು. ಬೆಂಕಿ ಇಟ್ಟದ್ದು ಪತ್ರಗಳಿಗೆ, ಮನೆಗಲ್ಲ.” ಮನೆಗೆ ಹಚ್ಚಿದರೆ ಪಕ್ಕದ ಮನೆಗಳಿಗೂ ಹಿಡಿಯುತ್ತದೆಂದು ಬಂದವರೇ ಬೇಡವೆಂದರು ಎಂಬುದು ಆ ಮನೆಯಲ್ಲಿ ಇಳಿದು ಬಂದ ಮಾತು. ಮುಂದಿನ ಸಾಲಿನಿಂದ ಒಬ್ಬ ಹೆಂಗಸು, ದಂಗೆಗೆ ಹೋದ ಮನೆಯವರು, ತಮ್ಮಲ್ಲೂ ಹಾಗೆಯೇ ಹೇಳುತ್ತಾರೆ ಎಂದರು. ಅವರಿಬ್ಬರೂ ದಿನಾ ಮುಖ ನೋಡುವವರು. ಈ ವಿಷಯವಾಗಿ ಮಾತನಾಡಿದ್ದು ಅದೇ ಮೊದಲಂತೆ.

ಮುಖವಿಲ್ಲದ ಗುಂಪು ಸಿನಿಮಾಕ್ಕೆ ಸುಲಭ. ನಮ್ಮ ಕನ್ನಡ ಚಿತ್ರಗಳಲ್ಲೂ ಜಮೀನ್ದಾರನಿಗೆ ಮೀಸೆ, ಜಾತಕ, ಕೈಕೋಲು ಎಲ್ಲ ಇರುತ್ತದೆ. ಅವನ ಬಾಗಿಲು ಒಡೆಯುವವರು ಕೇವಲ ಕೂಗು. ಇಲ್ಲಿ ಹಳ್ಳಿಯವರು ಎತ್ತಿದ ತಕರಾರು ನೈತಿಕವಾದದ್ದಾಗಿತ್ತು, ಆದರೆ ಅದು ಚಿತ್ರಕಥೆಯ ದೌರ್ಬಲ್ಯವನ್ನೂ ಸರಿಯಾಗಿ ಹಿಡಿದಿತ್ತು.

ಅದೇ ಸಂಜೆ ಇನ್ನೊಂದು ಸಂಗತಿ ಹೊರಬಿತ್ತು. ಸಾಲದ ಲೆಕ್ಕದ ಪುಸ್ತಕ ಉಗ್ರಾಣದಲ್ಲಿ ಇನ್ನೂ ಇದೆ ಎಂದು ಯಜಮಾನರು ಹೇಳಿದರು. ಸುಟ್ಟದ್ದು ಪತ್ರಗಳನ್ನು ಮಾತ್ರ. ಸಂಶೋಧನೆ ನೋಡಿಕೊಳ್ಳುತ್ತಿದ್ದವರ ಕಣ್ಣು ಅರಳಿತು. ಯಾವ ಇತಿಹಾಸಕಾರನೂ ನೋಡದ ದಾಖಲೆ. ಯಜಮಾನರು ತೋರಿಸುವುದಿಲ್ಲವೆಂದರು. ಅದರಲ್ಲಿ ಇರುವ ಹೆಸರುಗಳು ಈಗಿನ ಮನೆಗಳ ಹೆಸರುಗಳೇ, ಯಾರ ಅಜ್ಜ ಎಷ್ಟಕ್ಕೆ ಏನನ್ನು ಅಡವಿಟ್ಟ ಎಂದು ಇಂದು ಯಾಕೆ ತಿಳಿಯಬೇಕು ಎಂಬುದು ಅವರ ವಾದ. ಮುಂದೆ ವಾರಗಟ್ಟಲೆ ನಮ್ಮೊಳಗೆ ಈ ಬಗ್ಗೆ ಹಗ್ಗಜಗ್ಗಾಟ ನಡೆಯಿತು. ಹೆಸರು ಮುಚ್ಚಿ ಅಂಕಿ ಮಾತ್ರ ನೋಡೋಣ, ವಿಶ್ವವಿದ್ಯಾಲಯದ ಮೂಲಕ ಕೇಳಿಸೋಣ ಎಂದೆಲ್ಲ ಸಲಹೆ ಬಂದವು. ಎರಡನೆಯ ಸಲ ಕೇಳುವುದಿಲ್ಲ ಎಂದು ನಿರ್ದೇಶಕಿ ಹೇಳಿಬಿಟ್ಟರು. ಚಿತ್ರದಲ್ಲಿ ಲೆಕ್ಕದ ಪುಸ್ತಕ ಬರುತ್ತದೆ. ತೆರೆದ ಪುಟ ಒಮ್ಮೆಯೂ ಕಾಣುವುದಿಲ್ಲ. ವಿಮರ್ಶಕರೊಬ್ಬರು ಇದನ್ನು ಸೂಕ್ಷ್ಮ ಸಂಕೇತವೆಂದು ಬರೆದರು. ನಮ್ಮ ಬಳಿ ಪುಟವಿರಲಿಲ್ಲ ಅಷ್ಟೇ.

ಬದಲಾದದ್ದು, ಬಿಟ್ಟದ್ದು

ಮನೆ ಮತ್ತೆ ಸಿಕ್ಕಿತು. ಯಜಮಾನರು ಇಟ್ಟ ಷರತ್ತು ಎರಡು: ಮನೆ ಉರಿಯಬಾರದು, ಕೊನೆಯ ಹೆಸರುಪಟ್ಟಿಯಲ್ಲಿ ತಮ್ಮ ಹೆಸರು ಬರಬಾರದು. ಹೊಸ ದೃಶ್ಯವನ್ನು ಮೂರೇ ರಾತ್ರಿಗಳಲ್ಲಿ ಬರೆದದ್ದಾಯಿತು. ಅಂಗಳಕ್ಕೆ ಬರುವವರಲ್ಲಿ ಹತ್ತು ಹನ್ನೆರಡು ಜನರನ್ನು ನಾವು ಅದಕ್ಕೆ ಮೊದಲೇ ನೋಡಿರುತ್ತೇವೆ: ಗೂಡು ತಂದು ಕೊಟ್ಟವರು, ಗಡುವು ಕೇಳಿಕೊಂಡವರು. ಪತ್ರಗಳ ರಾಶಿಗೆ ಬೆಂಕಿ ಹಚ್ಚಿದಾಗ ಸಾಹುಕಾರನ ಹೆಂಡತಿ ಜಗಲಿಗೆ ಬಂದು, ಒಳಗೆ ಅತ್ತೆ ಮಲಗಿದ್ದಾರೆ, ಹೊಗೆ ಆ ಕಡೆ ಹೋಗುತ್ತಿದೆ ಎನ್ನುತ್ತಾಳೆ. ಪಂಜು ಹಿಡಿದವನು ಒಂದು ಕ್ಷಣ ನಿಂತು, ಇಬ್ಬರನ್ನು ಕರೆದು, ಉರಿಯುವ ರಾಶಿಯನ್ನು ಕೋಲುಗಳಿಂದ ಅಂಗಳದ ಇನ್ನೊಂದು ಮೂಲೆಗೆ ಎಳೆಸುತ್ತಾನೆ. ಆಮೇಲೆ ಉಳಿದ ಪತ್ರಗಳನ್ನೂ ತಂದು ಸುರಿಯುತ್ತಾರೆ. ಕೋಪ ಕಡಿಮೆಯಾಗಿಲ್ಲ, ಸಾಲ ಮನ್ನಾ ಆಗಲೇಬೇಕು, ಮುದುಕಿಗೆ ಹೊಗೆಯೂ ತಾಗಬಾರದು. ಪಟ್ಟಿಯಿಂದ ಹೆಸರು ತೆಗೆಸಿದ್ದವರಲ್ಲಿ ಬಹುಪಾಲು ಜನ ಮರಳಿ ಬಂದು ಆ ಅಂಗಳದಲ್ಲಿ ನಿಂತರು. ಯಾರು ಯಾವ ಪಾತ್ರ ಮಾಡಬೇಕೆಂದು ಅವರವರೇ ಹಂಚಿಕೊಂಡರು. ಸಾಹುಕಾರನ ಕಡೆಯ ಆಳುಗಳಾಗಿ ನಿಂತವರಲ್ಲಿ ದಂಗೆಕೋರರ ವಂಶದವರೂ ಇದ್ದರು.

ಇದಕ್ಕೆ ತೆತ್ತ ಬೆಲೆಯೂ ಇದೆ. ಕಳೆದ ದಿನಗಳು ಹಿಂದೆ ಬರಲಿಲ್ಲ, ಎಲೆಗಳು ಉದುರಿದವು. ಗುಡ್ಡ ದಾಟುವ ಪಯಣ, ನಾಗಾನೋದ ಕೊನೆಯ ಕಾಳಗ, ಅದಕ್ಕಾಗಿ ಗೊತ್ತುಮಾಡಿದ್ದ ಹಳೆಯ ಬತ್ತಿಬಂದೂಕಿನ ತಂಡ ಎಲ್ಲವನ್ನೂ ಕೈಬಿಡಬೇಕಾಯಿತು. ಚಿತ್ರ ನವೆಂಬರ್ 4ಕ್ಕೆ ನಿಲ್ಲುತ್ತದೆ. ದಂಗೆಯ ಹಿಂದಿದ್ದ, ಚುನಾಯಿತ ಸಂಸತ್ತು ಬೇಕೆನ್ನುತ್ತಿದ್ದ ಜನಹಕ್ಕು ಚಳವಳಿಯ ಎಳೆ, ದಂಗೆಗೆ ಮೂರು ದಿನ ಮೊದಲು, ಅಕ್ಟೋಬರ್ 29ರಂದು, ವಿಸರ್ಜನೆಯಾದ ಆ ಚಳವಳಿಯ ಲಿಬರಲ್ ಪಕ್ಷದ ಪ್ರಸ್ತಾಪ, ಇವು ತೆಳ್ಳಗಾಗಿ ಒಂದೆರಡು ಮಾತಿಗೆ ಇಳಿದವು. ಸ್ಥಳೀಯ ಇತಿಹಾಸಾಸಕ್ತರ ಬಳಗ ಚಿತ್ರ ನೋಡಿ ಬೇಸರಪಟ್ಟಿತು. ರಾಜ್ಯವನ್ನೇ ಎದುರಿಸಿದವರನ್ನು ನೆರೆಹೊರೆಯ ಜಗಳದ ಮಟ್ಟಕ್ಕೆ ಇಳಿಸಿದ್ದೀರಿ, ಗಲಭೆಕೋರರೆಂಬ ಕಳಂಕ ತೊಳೆಯಲು ನಾವು ಇಷ್ಟು ವರ್ಷ ದುಡಿದದ್ದು ಇದಕ್ಕಲ್ಲ ಎಂದು ಅವರಲ್ಲಿ ಹಿರಿಯರೊಬ್ಬರು ಮುಖಕ್ಕೇ ಹೇಳಿದರು.

ಅವರ ಮಾತಿನಲ್ಲಿ ಅರ್ಧ ನಿಜವಿದೆ ಎಂಬುದು ನನ್ನ ಅಭಿಪ್ರಾಯ. ಅಂಗಳದ ದೃಶ್ಯಕ್ಕೆ ಬಂದ ಬಲ ಟೋಕಿಯೋದಲ್ಲಿ ಕುಳಿತ ಹಣಕಾಸು ಸಚಿವನನ್ನು ಪ್ರೇಕ್ಷಕನ ಕಣ್ಣಿನಿಂದ ಮರೆಮಾಡಿತು. ಸಾಹುಕಾರನೂ ನೆರೆಯವನೇ ಎಂದು ತೋರಿಸಿದ ಮೇಲೆ, ಹಾಗಾದರೆ ನೂಲಿನ ಬೆಲೆಯನ್ನು ಬೀಳಿಸಿದವರು ಯಾರು ಎಂಬ ಪ್ರಶ್ನೆಯನ್ನು ಚಿತ್ರ ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು. ಗುಡ್ಡ ದಾಟುವ ಭಾಗದಲ್ಲಿ ಅದಕ್ಕೆ ಜಾಗವಿತ್ತು, ಅದನ್ನೇ ಕತ್ತರಿಸಿದೆವು. ಇನ್ನರ್ಧ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಚಿತ್ರಕಥೆಯಂತೆ ಮುಖವಿಲ್ಲದ ಜನ ಮನೆ ಸುಟ್ಟಿದ್ದರೆ ಕಳಂಕ ತೊಳೆಯುತ್ತಿರಲಿಲ್ಲ, ಗಟ್ಟಿಯಾಗುತ್ತಿತ್ತು. ಆ ಐದು ಕಟ್ಟಳೆಗಳನ್ನು ಬರೆದವರು ತಮ್ಮನ್ನು ಜನ ಹೇಗೆ ನೆನೆಯಬೇಕೆಂದು ಯೋಚಿಸಿದ್ದರು ಎಂದೇ ನನಗೆ ಅನ್ನಿಸುತ್ತದೆ.

ಬೇರೆಯವರಿಗೆ ಕೆಲಸಕ್ಕೆ ಬರಬಹುದಾದ ಒಂದು ವ್ಯವಹಾರದ ಸಂಗತಿ. ಸ್ಥಳ ಕೇಳುವಾಗ ಅರ್ಧ ಸತ್ಯದ ಸಾರಾಂಶ ಕೊಡುವುದು ಆ ಉದ್ಯಮದಲ್ಲಿ ಮಾತ್ರವಲ್ಲ, ನಮ್ಮಲ್ಲೂ ನಡೆಯುತ್ತದೆ. ‘ಒಂದು ಕುಟುಂಬದ ಕಥೆ ಸಾರ್’ ಎಂದು ದೇವಸ್ಥಾನದ ಪ್ರಾಂಗಣ ಕೇಳುವವರನ್ನು ನೋಡಿದ್ದೇನೆ. ಇಲ್ಲಿ ಅದರಿಂದ ಉಳಿದದ್ದು ಏನೂ ಇಲ್ಲ, ಕಳೆದದ್ದು ಇಡೀ ಕೊನೆಯ ಭಾಗ. ಚಿತ್ರಕಥೆ ಓದಿಸುವ ಸಂಜೆಯನ್ನು ಹುಳುವಿನ ದೃಶ್ಯಗಳಿಗೂ ಮೊದಲೇ, ಏಪ್ರಿಲ್‌ನಲ್ಲಿ, ಇಟ್ಟಿದ್ದರೆ ಗುಡ್ಡ ದಾಟಲು ಸಮಯವಿರುತ್ತಿತ್ತು. ಆ ನಿರ್ದೇಶಕಿ ಈಗ ಮುಂದಿನ ಚಿತ್ರಕ್ಕೆ ಹಾಗೆಯೇ ಮಾಡುತ್ತಿದ್ದಾರೆಂದು ತಿಳಿಯಿತು. ಹಣ ಕೊಡುವವರು ಅದಕ್ಕೆ ಗೊಣಗುತ್ತಿದ್ದಾರಂತೆ.

ಚಿತ್ರವನ್ನು ಕಣಿವೆಯಲ್ಲಿ ತೋರಿಸಿದ್ದು ಸಂಕಲನವೆಲ್ಲ ಮುಗಿದು, ಪ್ರತಿಯನ್ನು ಇಲಾಖೆಗೆ ಒಪ್ಪಿಸಿದ ಮೇಲೆ. ಕೊನೆಯಲ್ಲಿ ಸುಮಾರು 4,000 ಜನರಿಗೆ ಶಿಕ್ಷೆಯಾಯಿತು ಎಂಬ ಬರಹ ಬರುತ್ತದೆ. ಓದಿನ ಸಂಜೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸು ಅದನ್ನು ನೋಡಿ, ನಮ್ಮವರಿಗೆ ಬಿದ್ದದ್ದು ದಂಡ ಎಂದರು. ಅದನ್ನು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ, ಅದೇ ದೊಡ್ಡ ಮನೆಗೆ ಹೋಗಿ ಮತ್ತೆ ಸಾಲ ತಂದರಂತೆ. ನಿರ್ದೇಶಕಿ ಯಜಮಾನರ ಕಡೆ ನೋಡಿದರು. ಅವರು ಹೌದೆಂದು ತಲೆಯಾಡಿಸಿ, ಆ ಸಲದ ಬಡ್ಡಿ ಕಡಿಮೆಯಿತ್ತು ಎಂದು ಸೇರಿಸಿದರು. ಕಡಿಮೆ ಎಂದರೆ ಎಷ್ಟು ಎಂದು ಆ ಹೆಂಗಸು ಕೇಳಿದರು. ಅದು ಪುಸ್ತಕದಲ್ಲಿದೆ ಎಂದರು ಯಜಮಾನರು. ಇಬ್ಬರ ನಡುವೆ ಆ ವಾದ ಇನ್ನೂ ಮುಗಿದಿಲ್ಲವೆಂದು ಅಲ್ಲಿಂದ ಬರುವ ಸುದ್ದಿ.